ಗವಿಗೆ ಬಿದ್ದ ಹುಂಡುಕೋಳಿ

ಅಮೆರಿಕದ ಹೇವರ್ಡ್‌ನ ಲ್ಯಾಬಿನಲ್ಲಿ ನನ್ನ ಕೆಲಸ ಮಣ್ಣು ಜರಡಿ ಹಿಡಿಯುವುದು. ಪೆಸಿಫಿಕ್ ಸಾಗರದ ಪುಟ್ಟ ದ್ವೀಪವೊಂದರ ಗವಿಯಿಂದ ಬಂದ ಮಣ್ಣು. ಅದರಲ್ಲಿ ಇನ್ನೂ ಪೂರ್ತಿ ಕಲ್ಲಾಗದ ಮೂಳೆಗಳಿರುತ್ತವೆ. ಹೆಚ್ಚಿನವು ಹಲ್ಲಿ, ಬಾವಲಿಗಳವು. ಆ ಚಳಿಗಾಲ ಒಂದು ಕಾಲಿನ ಮೂಳೆ ಸಿಕ್ಕಿತು. ಕೆರೆಯಂಚಿನಲ್ಲಿ ಓಡಾಡುವ ಹುಂಡುಕೋಳಿಯ ಜಾತಿಯದು, ಆದರೆ ದಪ್ಪ. ಅದರ ಜೊತೆಗಿದ್ದ ರೆಕ್ಕೆಯ ಮೂಳೆ ಬೆಂಕಿಕಡ್ಡಿಯಷ್ಟು ಸಣ್ಣದು, ಹಾರಲು ಸಾಲದು. ಮ್ಯೂಸಿಯಮ್ಮಿನಿಂದ ತರಿಸಿದ ಮೂಳೆಗಳ ಪಕ್ಕ ವಾರಗಟ್ಟಲೆ ಇಟ್ಟು ನೋಡಿದೆ, ಯಾವುದಕ್ಕೂ ಹೊಂದಲಿಲ್ಲ. ಯಾರೂ ಹೆಸರಿಡುವ ಮೊದಲೇ ಅಳಿದುಹೋದ ಹಕ್ಕಿ ಅದು ಎಂದು ಪ್ರೊಫೆಸರ್ ಒಪ್ಪಿದರು. ತಲೆಬುರುಡೆ ಹುಡುಕಲು ಬೇಸಿಗೆಯಲ್ಲಿ ದ್ವೀಪಕ್ಕೆ ಹೋಗೋಣ, ನೀನೂ ಬಾ ಎಂದರು.

ನಾನು ಹೋಗುವಂತಿರಲಿಲ್ಲ. ಪಾಸ್‌ಪೋರ್ಟಿನಲ್ಲಿದ್ದ ವೀಸಾ ಮುಗಿದಿತ್ತು. ಕೆಲಸದ ಪರವಾನಗಿ ಬೇರೆ ಇದ್ದುದರಿಂದ ಅಮೆರಿಕದೊಳಗೇ ಇದ್ದರೆ ತೊಂದರೆಯಿಲ್ಲ. ಹೊರಗೆ ಕಾಲಿಟ್ಟರೆ ಮರಳಿ ಬರುವ ಹೊಸ ವೀಸಾಕ್ಕೆ ಎಷ್ಟು ತಿಂಗಳು ಕಾಯಬೇಕೋ ಹೇಳಲಾಗದು ಎಂದು ವಕೀಲರು ಎಚ್ಚರಿಸಿದ್ದರು. ಮಗಳು ಇನ್ನೂ ಡೇಕೇರಿಗೆ ಹೋಗುವ ವಯಸ್ಸಿನವಳು.

ಹುಬ್ಬಳ್ಳಿಯಿಂದ ಬಂದಿದ್ದ ಅವ್ವ ಎವರ್‌ಗ್ರೀನ್ ಬಡಾವಣೆಯ ನಮ್ಮ ಮನೆಯಲ್ಲಿ ಹಗಲೆಲ್ಲ ಒಬ್ಬಳೇ ಇರುತ್ತಿದ್ದಳು. ಕಾರಿಲ್ಲದೆ ಅಂಗಡಿಗೂ ಹೋಗಲಾಗದು. ಒಂದು ಶನಿವಾರ ಅವಳನ್ನು ಲ್ಯಾಬಿಗೆ ಕರೆದೊಯ್ದು ಆ ಮೂಳೆಗಳನ್ನು ತೋರಿಸಿದೆ. ಈ ಪಕ್ಕಿ ಯಾಕೆ ಹಾರುತ್ತಿರಲಿಲ್ಲ ಎಂದು ಕೇಳಿದಳು. ದ್ವೀಪದಲ್ಲಿ ಅದನ್ನು ಹಿಡಿದು ತಿನ್ನುವ ಪ್ರಾಣಿಗಳಿರಲಿಲ್ಲ, ಹಾರುವ ಅಗತ್ಯವೇ ಬೀಳಲಿಲ್ಲ ಎಂದೆ.

“ಮತ್ತ ಗವ್ಯಾಗ ಹ್ಯಾಂಗ ಸತ್ತಿತು?”

“ಮ್ಯಾಲೆ ಒಂದು ತೂತು ಇತ್ತವ್ವಾ. ಬಿತ್ತು. ಹೊರಗ ಬರಾಕ ಆಗಲಿಲ್ಲ.”

ಅವ್ವ ಮೂಳೆಯತ್ತ ಬೊಟ್ಟು ಮಾಡಿ, “ನೀ ಹುಡುಕಿದ ಪಕ್ಕಿ. ನೀನ ಹೋಗದಿದ್ರ ಹ್ಯಾಂಗ?” ಎಂದಳು.

“ಹೋದ್ರ ಹೊಳ್ಳಿ ಬರಾಕ ಬಿಡ್ತಾರೋ ಇಲ್ಲೋ ಗೊತ್ತಿಲ್ಲವ್ವಾ.”



ಬೇಸಿಗೆಯಲ್ಲಿ ಉಳಿದವರು ಹೋದರು. ಗವಿಯ ಬಾಯಿಂದ ಪ್ರೊಫೆಸರ್ ವಿಡಿಯೊ ಕಾಲ್ ಮಾಡಿದಾಗ ನಾನು ಡೇಕೇರಿನ ಪಾರ್ಕಿಂಗಿನಲ್ಲಿದ್ದೆ. ಬುರುಡೆ ಸಿಕ್ಕಿತ್ತು, ಕೊಕ್ಕು ಮುರಿಯದೆ. ಅಭಿನಂದನೆ ಹೇಳಿದೆ. ಕಾಲ್ ಮುಗಿದ ಮೇಲೆ ಕಾರಿನ ಬಾಗಿಲು ತೆರೆಯಲು ಕೈಯೇ ಬರಲಿಲ್ಲ. ಹಾಗೇ ಕೂತಿದ್ದೆ. ಮಗಳನ್ನು ಕರೆತರಲು ತಡವಾಯಿತು.

ಬುರುಡೆ ಲ್ಯಾಬಿಗೆ ಬಂದಾಗ ಅದನ್ನು ಬ್ರಶ್ಶಿನಿಂದ ಶುಚಿ ಮಾಡಿದ್ದು ನಾನೇ. ಆಗಿನ ಸಂತೋಷ ಸುಳ್ಳಲ್ಲ. ಆದರೆ ಆ ಗವಿ ಎಷ್ಟು ಆಳ ಎಂದು ಯಾರಾದರೂ ಕೇಳಿದರೆ, ಹೋಗಿ ಬಂದವರು ಹೇಳಿದ್ದನ್ನೇ ಇವತ್ತಿಗೂ ಹೇಳುತ್ತೇನೆ.