ತಡೀರಿ ಮೇಷ್ಟ್ರು

ನಂಜುಂಡಸ್ವಾಮಿ ಮೇಷ್ಟ್ರು ಬಿಸಿ ಟೀ ಕುಡಿದದ್ದನ್ನು ನಾನು ಬಹಳ ವರ್ಷ ನೋಡಿರಲಿಲ್ಲ. ಟೀ ಬಂದ ಕೂಡಲೇ ಲೋಟವನ್ನು ಮೇಜಿನ ಮೇಲಿಟ್ಟು, ಬೆರಳ ತುದಿಯಿಂದ ಮೆಲ್ಲಗೆ ಒಮ್ಮೆ ತಳ್ಳಿ, ಕೈ ಕಟ್ಟಿಕೊಂಡು ಕೂರುತ್ತಿದ್ದರು. ಲೋಟದೊಳಗೆ ಟೀ ಆ ಕಡೆ ಈ ಕಡೆ ತೂಗಾಡಿ, ತೂಗಾಟ ಸಣ್ಣದಾಗಿ, ಕೊನೆಗೆ ನಿಲ್ಲಬೇಕು. ನಿಂತ ಮೇಲೂ ಸ್ವಲ್ಪ ಹೊತ್ತು ನೋಡುತ್ತಿದ್ದರು, ಅದು ನಿಜವಾಗಿ ನಿಂತಿದೆಯೋ ಅಥವಾ ನಿಂತ ಹಾಗೆ ನಟಿಸುತ್ತಿದೆಯೋ ಎಂದು. ಅಷ್ಟರಲ್ಲಿ ಮೇಲೆ ಕೆನೆ ಕಟ್ಟಿರುತ್ತಿತ್ತು. ಕೆನೆಯನ್ನು ಬೆರಳಿನಲ್ಲಿ ಎತ್ತಿ ಪಕ್ಕಕ್ಕಿಟ್ಟು, ತಣ್ಣಗಿನ ಟೀಯನ್ನು ಕಷಾಯದ ಹಾಗೆ ಒಂದೇ ಸಲಕ್ಕೆ ಮುಗಿಸುತ್ತಿದ್ದರು. ಕ್ಯಾಂಟೀನಿನವನು ಮೊದಮೊದಲು ಬೇಸರಪಟ್ಟುಕೊಂಡ. ಆಮೇಲೆ ಬೆಳಗ್ಗೆ ಉಳಿದ ಟೀಯನ್ನೇ ಅವರಿಗೆ ಮಧ್ಯಾಹ್ನ ಕೊಡತೊಡಗಿದ. ಅವರಿಗೆ ವ್ಯತ್ಯಾಸ ಗೊತ್ತಾಗಲಿಲ್ಲ.

ನಂಜನಗೂಡಿನ ಬೀದಿಯಲ್ಲಿ ನಿಂತು ‘ನಂಜುಂಡಸ್ವಾಮಿ’ ಎಂದು ಕೂಗಿದರೆ ಅರ್ಧ ಬೀದಿ ತಿರುಗಿ ನೋಡುತ್ತದೆ. ಹಾಗಾಗಿ ನಮ್ಮ ಪಾಲಿಟೆಕ್ನಿಕ್ಕಿನಲ್ಲಿ ಅವರನ್ನು ‘ತಡೀರಿ ಮೇಷ್ಟ್ರು’ ಎನ್ನುತ್ತಿದ್ದೆವು. ಯಾರು ಏನೇ ಕೇಳಿದರೂ ಅವರ ಬಾಯಿಂದ ಮೊದಲು ಬರುತ್ತಿದ್ದ ಮಾತು ಅದು. ಅವರ ಊರು ಹತ್ತಿರದ ಹೆಡತಲೆ ಎಂಬ ಹಳ್ಳಿ. ಎಲೆಕ್ಟ್ರಿಕಲ್ ವಿಭಾಗದ ಕಂಟ್ರೋಲ್ ಸಿಸ್ಟಮ್ಸ್ ಲ್ಯಾಬು ಅವರ ಕೈಯಲ್ಲಿತ್ತು. ನಾನು ಮೊದಲು ಅವರ ವಿದ್ಯಾರ್ಥಿನಿ, ಆಮೇಲೆ ಅದೇ ಲ್ಯಾಬಿನಲ್ಲಿ ಅವರ ಜೊತೆಗಿನ ಉಪನ್ಯಾಸಕಿ. ಓದುವಾಗ ನನ್ನನ್ನು ‘ಭಾಗ್ಯ, ಕಣಮ್ಮ’ ಎನ್ನುತ್ತಿದ್ದವರು ಕೆಲಸಕ್ಕೆ ಸೇರಿದ ದಿನದಿಂದ ‘ಮೇಡಮ್ಮಾರೇ’ ಎನ್ನತೊಡಗಿದರು. ಬೈಗುಳ ಮಾತ್ರ ಹಳೆಯದೇ ಉಳಿಯಿತು.

ಆ ಲ್ಯಾಬಿನ ಮೂಲದೇವರು ಒಂದು ಸರ್ವೊ ಮೋಟಾರಿನ ಪೆಟ್ಟಿಗೆ. ಎಡಗಡೆ ಒಂದು ತಿರುಪು, ಬಲಗಡೆ ಡಿಗ್ರಿ ಬರೆದ ಬಿಲ್ಲೆಯ ಮೇಲೆ ಒಂದು ಮುಳ್ಳು. ತಿರುಪನ್ನು ಅರವತ್ತಕ್ಕೆ ತಿರುಗಿಸಿದರೆ ಮುಳ್ಳೂ ಅರವತ್ತಕ್ಕೆ ಬಂದು ನಿಲ್ಲಬೇಕು. ಆದರೆ ಯಾವ ಮುಳ್ಳೂ ಹೇಳಿದ ತಕ್ಷಣ ಹೇಳಿದಲ್ಲಿ ನಿಲ್ಲುವುದಿಲ್ಲ. ಅರವತ್ತನ್ನು ದಾಟಿ ಹೋಗುತ್ತದೆ, ತಪ್ಪು ತಿಳಿದು ಹಿಂದಕ್ಕೆ ಬರುತ್ತದೆ, ಬರುವ ಭರದಲ್ಲಿ ಜಾಸ್ತಿಯೇ ಬಂದುಬಿಡುತ್ತದೆ, ಮತ್ತೆ ಮುಂದಕ್ಕೆ ಹೋಗುತ್ತದೆ. ಹೀಗೆ ಒದ್ದಾಡಿ ಒದ್ದಾಡಿ ಕೊನೆಗೊಮ್ಮೆ ನಿಲ್ಲುತ್ತದೆ. ಆ ಒದ್ದಾಟಕ್ಕೆ ಪುಸ್ತಕದಲ್ಲಿ ಟ್ರಾನ್ಸಿಯೆಂಟ್ ರೆಸ್ಪಾನ್ಸ್ ಎಂದು ಹೆಸರು. ಎಷ್ಟು ದಾಟಿತು, ಎಷ್ಟು ಹೊತ್ತಿಗೆ ನಿಂತಿತು ಎಂದು ಅಳೆದು ಗ್ರಾಫಿನಲ್ಲಿ ಬರೆಯುವುದೇ ಪ್ರಯೋಗ. ಗೇನ್ ಎಂಬ ಇನ್ನೊಂದು ತಿರುಪೂ ಉಂಟು. ಅದನ್ನು ಏರಿಸಿದಷ್ಟೂ ಮುಳ್ಳಿನ ಆತುರ ಹೆಚ್ಚು, ಒದ್ದಾಟವೂ ಹೆಚ್ಚು.

ಹೊಸ ಪೆಟ್ಟಿಗೆಗಳಲ್ಲಿ ಇದೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ನಮ್ಮ ಮೇಷ್ಟ್ರು ಒದ್ದಾಟ ಕಣ್ಣಿಗೆ ಚೆನ್ನಾಗಿ ಕಾಣಲಿ ಎಂದು ಮುಳ್ಳಿನ ಹಿಂದೆ ಭಾರದ ಹಿತ್ತಾಳೆ ಚಕ್ರವೊಂದನ್ನು ತಾವೇ ಕೂರಿಸಿದ್ದರು. ಅದರಿಂದ ಮುಳ್ಳು ನಿಲ್ಲುವುದು ಇನ್ನಷ್ಟು ತಡವಾಗುತ್ತಿತ್ತು. ತಿರುಪು ತಿರುಗಿಸಿದ ಮೇಲೆ ಎಲ್ಲರೂ ಕೈ ಕಟ್ಟಿ ನಿಲ್ಲಬೇಕು, ಮುಳ್ಳು ನಿಲ್ಲುವ ತನಕ ಯಾರೂ ಏನನ್ನೂ ಮುಟ್ಟಬಾರದು. ಅದು ಅಲ್ಲಿಯ ನಿಯಮ. ಪಾಠ ಮಾಡುವಾಗ ಪುಸ್ತಕದ ಭಾಷೆಯಲ್ಲಿ ಮಾತಾಡುತ್ತಿದ್ದ ಮೇಷ್ಟ್ರಿಗೆ ಮುಳ್ಳು ಅಲುಗಿದೊಡನೆ ಹೆಡತಲೆಯ ಭಾಷೆ ಬರುತ್ತಿತ್ತು.

“ಕೈ ಕಟ್ಕೊಳ್ರಲಾ. ಅದ್ರ ಪಾಡಿಗೆ ಅದು ನಿಂತ್ಕತದೆ. ನೀವು ಸಾಯ ಮಾಡಕ್ಕೋದ್ರೆ ಕೆಡ್ತದೆ.”

“ಸಾ, ಪೂರ್ತಿ ನಿಲ್ತಾನೇ ಇಲ್ಲ ಸಾ. ಇನ್ನೂ ನಡುಗ್ತಾ ಅದೆ,” ಎಂದು ಯಾರಾದರೂ ಹುಡುಗ ಗೋಳಿಟ್ಟರೆ ಉತ್ತರ ಸಿದ್ಧವಿರುತ್ತಿತ್ತು.

“ಪೂರ್ತಿ ನಿಲ್ಲೋದು ಸತ್ತ ಮ್ಯಾಲೆ ಕಣ್ಲಾ. ಬದುಕಿರೋದಕ್ಕೆ ನೂರಕ್ಕೆ ಎರಡು ಮಾಫಿ. ಆ ಎರಡ್ರ ಒಳೀಕೆ ಬಂದ್ರೆ ನಿಂತಂಗೇ ಲೆಕ್ಕ. ಬರ್ಕೋ.”

ನೂರಕ್ಕೆ ಎರಡು ಎಂದು ಪುಸ್ತಕದಲ್ಲೂ ಇದೆ. ಮಾಫಿ ಎಂದು ಇಲ್ಲ.

ಈ ಕೈ ಕಟ್ಟಿ ಕಾಯುವ ನಿಯಮವನ್ನು ಅವರು ಲ್ಯಾಬಿನೊಳಗೇ ಬಿಟ್ಟಿದ್ದರೆ ನಾನು ಇಷ್ಟು ಬರೆಯಬೇಕಾಗಿರಲಿಲ್ಲ. ಒಮ್ಮೆ ನಮ್ಮ ಪ್ರಿನ್ಸಿಪಾಲರು ಲ್ಯಾಬನ್ನು ಹಿಂದಿನ ಶೆಡ್ಡಿಗೆ ಸಾಗಿಸಿ ಆ ಜಾಗವನ್ನು ಮೀಟಿಂಗ್ ಹಾಲ್ ಮಾಡಬೇಕೆಂದು ಹುಕುಂ ಹೊರಡಿಸಿದರು. ಮೇಷ್ಟ್ರು ಕದಲಲಿಲ್ಲ. ಪ್ರಿನ್ಸಿಪಾಲರು ನಮ್ಮಿಬ್ಬರನ್ನೂ ಕರೆಸಿ ಕೂಗಾಡಿದರು. ನಾನು ನೆಲ ನೋಡುತ್ತಿದ್ದೆ. ಮೇಷ್ಟ್ರು ಕೈ ಕಟ್ಟಿಕೊಂಡು, ಬಹಳ ಗಮನವಿಟ್ಟು ಅವರ ಮುಖವನ್ನೇ ನೋಡುತ್ತಿದ್ದರು. ದನಿ ಏರಿತು, ಇಳಿಯಿತು, ಮತ್ತೆ ಏರಿತು, ಆದರೆ ಮೊದಲಿನಷ್ಟಲ್ಲ. ಕೊನೆಗೆ ಪ್ರಿನ್ಸಿಪಾಲರು ಸುಸ್ತಾಗಿ ನೀರು ಕುಡಿದರು.

“ಮುಗೀತಾ ಸಾರ್?” ಎಂದರು ಮೇಷ್ಟ್ರು. ಕುಚೋದ್ಯವಲ್ಲ, ನಿಜವಾಗಿ ತಿಳಿದುಕೊಳ್ಳಲೆಂದೇ ಕೇಳಿದ್ದು.

ಹೊರಗೆ ಬಂದ ಮೇಲೆ ನನಗೆ ಹೇಳಿದರು: “ಮೊದಲ್ನೇ ಏರು ಜಾಸ್ತಿ ಇತ್ತು. ಆದ್ರೂ ಬಿರ್ನೆ ಇಳೀತು. ಒಳ್ಳೆ ಮನ್ಸ ಕಣ್ರೀ.”

ಒಳ್ಳೆಯ ಮನುಷ್ಯನಿಗೆ ಆ ವರ್ಷವೇ ವರ್ಗವಾಯಿತು. ಬಂದ ಹೊಸಬರಿಗೆ ಮೀಟಿಂಗ್ ಎಂದರೆ ಆಗದು, ಹಾಲ್ ಅವರಿಗೆ ಬೇಕಾಗಲಿಲ್ಲ. ಸರ್ಕಾರಿ ಕೆಲಸದಲ್ಲಿ ಇದೇನೂ ಹೊಸದಲ್ಲ. ಎಲ್ಲರೂ ಸೋಮಾರಿತನದಿಂದ ಮಾಡುವುದನ್ನು ಮೇಷ್ಟ್ರು ಸಿದ್ಧಾಂತದಿಂದ ಮಾಡುತ್ತಿದ್ದರು, ಅಷ್ಟೇ.

ಮದುವೆಯ ವಿಷಯದಲ್ಲೂ ಹಾಗೇ ಆಗಿತ್ತು. ವಯಸ್ಸಿನಲ್ಲಿ ಒಳ್ಳೊಳ್ಳೆಯ ಸಂಬಂಧಗಳು ಬಂದಿದ್ದವಂತೆ. ಪ್ರತಿಯೊಂದಕ್ಕೂ ‘ತಡೀರಿ’ ಎಂದರು. ಹೆಣ್ಣಿನ ಕಡೆಯವರು ತಡೆಯುವಷ್ಟು ತಡೆದು ಬೇರೆ ಕಡೆ ಕೊಟ್ಟರು. ಆ ಹೆಣ್ಣುಮಕ್ಕಳಲ್ಲೊಬ್ಬರ ಮಗ ನಮ್ಮ ಲ್ಯಾಬಿಗೇ ಬಂದ. ಮೇಷ್ಟ್ರು ಅವನಿಗೆ ಇಪ್ಪತ್ತೈದಕ್ಕೆ ಇಪ್ಪತ್ತಮೂರು ಕೊಟ್ಟರು, ಉಳಿದ ಎರಡು ಮಾಫಿ ಎಂದರು.

ಅವರಿಗೆ ಐವತ್ತು ದಾಟಿದ ಮೇಲೆ ಸುಶೀಲಾ ಮೇಡಂ ಬಂದರು. ಟಿ. ನರಸೀಪುರದ ಕಾಲೇಜೊಂದರಲ್ಲಿ ಎಲೆಕ್ಟ್ರಿಕಲ್ ಉಪನ್ಯಾಸಕಿ. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ನಮ್ಮಲ್ಲಿಗೆ ಪ್ರಾಕ್ಟಿಕಲ್ ಪರೀಕ್ಷೆಗೆ ಹೊರಗಿನ ಪರೀಕ್ಷಕರಾಗಿ ಬರುತ್ತಿದ್ದರು. ಮೊದಲ ಸಲ ಬಂದ ದಿನ, ಹುಡುಗನೊಬ್ಬ ತಿರುಪು ತಿರುಗಿಸಿ ಕೈ ಕಟ್ಟಿ ನಿಂತ. ಮುಳ್ಳು ಹೋಗಿ ಬಂದು, ಹೋಗಿ ಬಂದು ಮಾಡುತ್ತಿತ್ತು. ಸುಶೀಲಾ ಮೇಡಂ ಗಡಿಯಾರ ನೋಡಿಕೊಂಡರು. ಕೈ ಚಾಚಿ ಮುಳ್ಳಿನ ಮೇಲೆ ಬೆರಳಿಟ್ಟು ಅದನ್ನು ನಿಲ್ಲಿಸಿಬಿಟ್ಟರು.

ಹುಡುಗ ಕಟ್ಟಿದ ಕೈ ಬಿಚ್ಚಿ ಮೇಷ್ಟ್ರ ಕಡೆ ನೋಡಿದ.

“ಎಷ್ಟೊತ್ತು ಅಂತ ಕಾಯೋದು ಸಾರ್? ನಾನು ಮೂರೂವರೆ ಬಸ್ಸು ಹಿಡೀಬೇಕು.”

ಮೇಷ್ಟ್ರು ಬಹಳ ಹೊತ್ತು ಆ ಬೆರಳನ್ನೇ ನೋಡಿದರು. ಆಮೇಲೆ ಹೇಳಿದರು: “ಇದಕ್ಕೆ ಡಿಸ್ಟರ್ಬೆನ್ಸ್ ಅಂತಾರೆ ಮೇಡಂ.”

“ಅನ್ಲಿ ಬಿಡಿ. ಮುಂದಿನ ಹುಡುಗನ್ನ ಕರೀರಿ.”

ಅಂದಿನಿಂದ ಮೇಷ್ಟ್ರಿಗೆ ಏನೋ ಆಯಿತು. ಪರೀಕ್ಷೆ ಹತ್ತಿರವಾದಂತೆ ಇಸ್ತ್ರಿ ಮಾಡಿದ ಅಂಗಿ ಹಾಕತೊಡಗಿದರು. ‘ಈ ಸಲ ಹೊರಗಿನವರು ಯಾರಂತೆ?’ ಎಂದು ನನ್ನನ್ನು ಎರಡೆರಡು ಸಲ ಕೇಳುತ್ತಿದ್ದರು. ಸುಶೀಲಾ ಮೇಡಂ ಬಂದಾಗಲೆಲ್ಲ ಇಬ್ಬರೂ ಇಡೀ ದಿನ ಜಗಳವಾಡುತ್ತಿದ್ದರು, ಅದೂ ಮುಳ್ಳಿನ ವಿಷಯಕ್ಕೆ. ಹೀಗಿರುವಾಗ ಒಂದು ಮಧ್ಯಾಹ್ನ, ಅಂಕಪಟ್ಟಿಗೆ ಸಹಿ ಹಾಕಿ ಪೆನ್ನಿನ ಕ್ಯಾಪು ಮುಚ್ಚುತ್ತಾ ಸುಶೀಲಾ ಮೇಡಂ ಹೇಳಿಬಿಟ್ಟರು. ನಾನು ಅಲ್ಲೇ ವೈರು ಸುತ್ತುತ್ತಿದ್ದೆ. ನಾನಿರುವುದನ್ನು ಅವರು ಲೆಕ್ಕಕ್ಕಿಡಲಿಲ್ಲ.

“ನಾನೂ ಒಬ್ಳೇ, ನೀವೂ ಒಬ್ರೇ. ಮದುವೆ ಆಗೋಣ್ವಾ?”

ಮೇಷ್ಟ್ರ ಕೈಗಳು ತಾವಾಗಿಯೇ ಎದೆಯ ಮೇಲೆ ಕಟ್ಟಿಕೊಂಡವು. “ತಡೀರಿ ಮೇಡಂ,” ಎಂದರು.

“ಎಷ್ಟು ದಿನ?”

“ಮನಸ್ಸು ಒಂದು ನೆಲೆಗೆ ಬರ್ಲಿ.”

ಸುಶೀಲಾ ಮೇಡಂ ಬ್ಯಾಗು ಹೆಗಲಿಗೇರಿಸಿ ಬಸ್ಸಿಗೆ ಹೋದರು.

ಮುಂದಿನ ಪರೀಕ್ಷೆಗೆ ಬಂದಾಗ ಅವರು ಅಂಕದ ಮಾತು ಬಿಟ್ಟು ಬೇರೆ ಆಡಲಿಲ್ಲ. ಮೇಷ್ಟ್ರೂ ಆಡಲಿಲ್ಲ. ಅವರ ಮನಸ್ಸು ಇನ್ನೂ ನೆಲೆಗೆ ಬಂದಿರಲಿಲ್ಲವಂತೆ. “ಒಂದಿನ ಊಂ ಅನ್ಸ್ತದೆ ಮೇಡಮ್ಮಾರೇ, ಒಂದಿನ ಈ ವಯಸ್ಸಲ್ಲಿ ಇದ್ಯಾಕೆ ಬೇಕು ಅನ್ಸ್ತದೆ. ನಿಂತ ಮೇಲೆ ಹೇಳೋಣ,” ಎಂದು ನನಗೆ ವಿವರಿಸಿದರು. ಅದರ ಮುಂದಿನ ಪರೀಕ್ಷೆಗೆ ಸುಶೀಲಾ ಮೇಡಂ ಬರಲೇ ಇಲ್ಲ. ಬದಲಿಗೆ ಬಂದ ಗಂಡಸೊಬ್ಬರು ವಿಷಯ ತಿಳಿಸಿದರು. ಮೇಡಂ ಕಲಬುರಗಿ ಕಡೆಗೆ ವರ್ಗ ಕೇಳಿದ್ದಾರೆ, ಅಲ್ಲಿ ಅವರ ತಂಗಿ ಇದ್ದಾರೆ, ಆರ್ಡರ್ ಇವತ್ತೋ ನಾಳೆಯೋ ಬರುತ್ತದೆ.

ಮೇಷ್ಟ್ರು ‘ಹೌದೇ’ ಎಂದು ಹೇಳಿ ಕೈ ಕಟ್ಟಿಕೊಂಡು ಕೂತರು. ಟೀ ತರಿಸಿದರು, ಲೋಟ ತಳ್ಳಿದರು, ನೋಡುತ್ತಾ ಕೂತರು. ನನಗೆ ಮೈಯೆಲ್ಲ ಉರಿಯಿತು. ಇಷ್ಟು ಒಳ್ಳೆಯ ಇಬ್ಬರು ಮನುಷ್ಯರು ಒಂದು ಮುಳ್ಳಿನ ನಿಯಮಕ್ಕೆ ಬಿದ್ದು ಬೇರೆಬೇರೆ ದಿಕ್ಕಿಗೆ ಹೋಗುತ್ತಾರಲ್ಲ ಎಂದು ಅಳುವೂ ಬಂತು. ಮರುದಿನ ಬೆಳಗ್ಗೆ ಹುಡುಗರು ಬರುವ ಮೊದಲೇ ಪೆಟ್ಟಿಗೆಯ ಸ್ವಿಚ್ಚು ಹಾಕಿ, ಗೇನ್ ತಿರುಪನ್ನು ಕೊನೆಯವರೆಗೂ ಏರಿಸಿಬಿಟ್ಟೆ. ಮುಳ್ಳು ದೆವ್ವ ಮೆಟ್ಟಿದ ಹಾಗೆ ಆ ಕಡೆಯಿಂದ ಈ ಕಡೆಗೆ ಬಡಿದಾಡತೊಡಗಿತು. ಮೇಷ್ಟ್ರು ಗಾಬರಿಯಿಂದ ಬಂದರು.

“ಸಾರ್, ಇದು ಯಾವಾಗ ನಿಲ್ಲುತ್ತೆ?”

“ನಿಲ್ಲಲ್ಲ ಕಣಮ್ಮ. ಗೇನ್ ಮಿತಿ ಮೀರೋಗದೆ. ಇಳ್ಸು.” ಗಾಬರಿಯಲ್ಲಿ ನಾನು ಮತ್ತೆ ಕಣಮ್ಮ ಆಗಿದ್ದೆ.

“ಕಾದರೆ ನಿಲ್ಲಲ್ವಾ?”

“ವರ್ಷಗಟ್ಲೆ ಕಾದ್ರೂ ನಿಲ್ಲಲ್ಲ.”

“ಮತ್ತೆ ನೀವೇನು ಕಾಯ್ತಾ ಇದ್ದೀರಿ ಸಾರ್?”

ಅವರು ನನ್ನನ್ನು ನೋಡಿದರು, ಮುಳ್ಳನ್ನು ನೋಡಿದರು. ಮೋಟಾರು ಗೊರಗೊರ ಎನ್ನುತ್ತಿತ್ತು. ಆಮೇಲೆ, ನಾನು ನೋಡಿದ ಹಾಗೆ ಮೊತ್ತಮೊದಲ ಬಾರಿಗೆ, ನಂಜುಂಡಸ್ವಾಮಿ ಮೇಷ್ಟ್ರು ಕೈ ಚಾಚಿ ಮುಳ್ಳಿನ ಮೇಲೆ ಬೆರಳಿಟ್ಟರು. ಇನ್ನೊಂದು ಕೈಯಲ್ಲಿ ಸ್ವಿಚ್ಚು ಆರಿಸಿದರು. “ಓಗ್ಬತ್ತೀನಿ, ಕ್ಲಾಸು ನೋಡ್ಕೊಳ್ಳಿ ಮೇಡಮ್ಮಾರೇ,” ಎಂದು ಹೇಳಿ, ಊಟದ ಡಬ್ಬಿಯನ್ನೂ ಬಿಟ್ಟು ಹೊರಟೇಹೋದರು.

ಮರುದಿನ ಏನಾಯಿತೆಂದು ನಾನೇ ಕೇಳಬೇಕಾಯಿತು.

“ನರಸೀಪುರಕ್ಕೆ ಓದೆ. ಕ್ಲಾಸ್ ರೂಮ್ ಬಾಗಿಲಲ್ಲೇ ನಿಂತು ಏಳ್ದೆ, ಮದುವೆ ಆಗೋಣ ಅಂತ.”

“ಹುಡುಗರ ಮುಂದೇನಾ?”

“ಅವರೆಲ್ಲಿ ಓಗ್ತಾರೆ, ಪಾಠ ನಡೀತಿತ್ತು.”

“ಮೇಡಂ ಏನಂದ್ರು?”

“ತಡೀರಿ ಅಂದ್ರು.”

“ಆಮೇಲೆ?”

“ಕೈ ಕಟ್ಕೊಂಡು ನಿಂತಿದ್ದೆ. ಪಾಠ ಮುಗಿಸ್ಕೊಂಡು ಬಂದು ಊಂ ಅಂದ್ರು.” ಇಷ್ಟು ಹೇಳಿ ಮೇಷ್ಟ್ರು ಗ್ರಾಫ್ ಹಾಳೆಗಳನ್ನು ಎಣಿಸತೊಡಗಿದರು. ಕಿವಿ ಮಾತ್ರ ಕೆಂಪಗಾಗಿತ್ತು.

ಮದುವೆ ಮುಡುಕುತೊರೆ ಬೆಟ್ಟದ ಗುಡಿಯಲ್ಲಿ ನಡೆಯಿತು. ತಾಳಿ ಕೈಗೆ ಕೊಟ್ಟಾಗ ಮೇಷ್ಟ್ರು ಎಲ್ಲಿ ಕೈ ಕಟ್ಟಿ ನಿಲ್ಲುತ್ತಾರೋ ಎಂದು ನಮ್ಮ ಸ್ಟಾಫಿನವರಿಗೆಲ್ಲ ಭಯವಿತ್ತು. ಅವರು ಗಟ್ಟಿಮೇಳಕ್ಕೂ ಕಾಯದೆ ಕಟ್ಟಿಬಿಟ್ಟರು. ಸುಶೀಲಾ ಮೇಡಂ ವರ್ಗದ ಅರ್ಜಿ ವಾಪಸ್ ಪಡೆದರು. ನಿವೃತ್ತರಾದ ಮೇಲೆ ಮೇಷ್ಟ್ರು ನರಸೀಪುರದಲ್ಲೇ ಮನೆ ಮಾಡಿಕೊಂಡಿದ್ದರು. ಒಂದು ಭಾನುವಾರ ನೋಡಲು ಹೋಗಿದ್ದೆ. ಮೇಡಂ ಟೀ ತಂದರು. ಮೇಷ್ಟ್ರು ಹಬೆಯಾಡುವ ಲೋಟವನ್ನು ತೆಗೆದುಕೊಂಡವರೇ ಕುಡಿದುಬಿಟ್ಟರು. ನಾಲಿಗೆ ಸುಟ್ಟುಕೊಂಡು ಕಣ್ಣಲ್ಲಿ ನೀರು ಬಂತು.

“ನಿಧಾನ ಕಣ್ರೀ,” ಎಂದರು ಮೇಡಂ.

“ಬಿಸೀದು ಚೆಂದಾಗದೆ,” ಎಂದು ನನ್ನ ಕಡೆ ತಿರುಗಿ ಹೇಳಿದರು ಮೇಷ್ಟ್ರು, ಯಾರೂ ಇದನ್ನು ತಮಗೆ ಇಷ್ಟು ದಿನ ತಿಳಿಸಲೇ ಇಲ್ಲ ಎನ್ನುವ ಹಾಗೆ.

ಅದೇ ಕೊನೆಯ ಭೇಟಿ. ಕೆಲವು ತಿಂಗಳ ನಂತರ ಒಂದು ಬೆಳಗ್ಗೆ, ಹಿತ್ತಲಲ್ಲಿ ಬಟ್ಟೆ ಒಣಗಹಾಕುತ್ತಿದ್ದ ಮೇಷ್ಟ್ರು ಎದೆ ಹಿಡಿದುಕೊಂಡು ಕೂತರಂತೆ. ಆಸ್ಪತ್ರೆ ಮುಟ್ಟುವಷ್ಟೂ ತಡೆಯಲಿಲ್ಲ. ನಾನು ಹೋದಾಗ ಅವರನ್ನು ನಡುಮನೆಯಲ್ಲಿ ಮಲಗಿಸಿದ್ದರು, ಕೈಗಳನ್ನು ಎದೆಯ ಮೇಲೆ ಜೋಡಿಸಿದ್ದರು. ಪೂರ್ತಿ ನಿಂತಿದ್ದರು. ಸುಶೀಲಾ ಮೇಡಂ ನನ್ನ ಕೈ ಹಿಡಿದುಕೊಂಡು ಒಂದೇ ಮಾತು ಹೇಳಿದರು: “ಇನ್ನೊಂದಿಷ್ಟು ಬೇಗ ಹೂಂ ಅನ್ನಬೇಕಿತ್ತು ಕಣೇ ಭಾಗ್ಯ, ಈ ಮನುಷ್ಯ.” 

ಈಗ ಲ್ಯಾಬು ನನ್ನ ಕೈಯಲ್ಲಿದೆ. ಹೊಸ ಪೆಟ್ಟಿಗೆಗಳು ಬಂದಿವೆ, ಹಳೆಯದೂ ಇದೆ. ಕಳೆದ ಪರೀಕ್ಷೆಗೆ ಹೊರಗಿನ ಪರೀಕ್ಷಕರಾಗಿ ಬಂದದ್ದು ಸುಶೀಲಾ ಮೇಡಂ. ಚೆನ್ನಾಗಿ ಮಾತಾಡಿದರು, ಹುಡುಗರನ್ನು ಗದರಿದರು, ಬೇಗಬೇಗ ಮುಗಿಸುತ್ತಾ ಬಂದರು. ಕೊನೆಯ ಹುಡುಗಿಯ ಪಾಲಿಗೆ ಹಳೆಯ ಪೆಟ್ಟಿಗೆ ಬಂತು. ತಿರುಪು ತಿರುಗಿಸಿ ಕೈ ಕಟ್ಟಿ ನಿಂತಳು. ಹಿತ್ತಾಳೆ ಚಕ್ರದ ಭಾರಕ್ಕೆ ಮುಳ್ಳು ಅರವತ್ತನ್ನು ದಾಟಿತು, ಹಿಂದಕ್ಕೆ ಬಂತು, ಮತ್ತೆ ಹೋಯಿತು. ಮೇಡಂ ಗಡಿಯಾರ ನೋಡಿಕೊಂಡರು. ಅವರ ಕೈ ಮುಳ್ಳಿನ ಹತ್ತಿರದವರೆಗೂ ಹೋಯಿತು. ಅಲ್ಲೇ ನಿಂತಿತು. ಆಮೇಲೆ ಅವರು ಆ ಕೈಯನ್ನು ಹಿಂದಕ್ಕೆಳೆದು, ಎರಡೂ ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ನೋಡುತ್ತಾ ನಿಂತರು. ಮುಳ್ಳು ನಿಂತ ಮೇಲೂ ನಿಂತಿದ್ದರು. ಹುಡುಗಿ ನನ್ನ ಮುಖ ನೋಡಿದಳು, ನಾನು ಸುಮ್ಮನಿರು ಎಂದು ಸನ್ನೆ ಮಾಡಿದೆ.

ಅಂದು ಅವರಿಗೆ ಮೂರೂವರೆ ಬಸ್ಸು ತಪ್ಪಿತು.