ಕೊಳ್ಳ ಕಲಿತ ಹೆಸರು

ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಮೂರು ದಿನ ಹೊಸಪೇಟೆ ಆಸ್ಪತ್ರೆಯಲ್ಲಿದ್ದು ಇವತ್ತು ಮಗಳೂ ಕೂಸೂ ಮನೆಗೆ ಬಂದರು. ಎದುರಿಗೆ ಬಂದವರಿಗೆಲ್ಲ ಹೇಳಿದೆ, ಹಾಲು ಹಾಕುವವನಿಗೆ ಎರಡು ಸಲ ಹೇಳಿದೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು, ಆದರೂ ಬರೆಯದೆ ಇರಲಾಗಲಿಲ್ಲ. ಹೆಸರು ಏನಿಡೋಣ ಅಂತ ಅಳಿಯ ಕೇಳಿದ. ಹೆಸರು ಅಂದಕೂಡಲೇ ಅಷ್ಟು ಖುಷಿಯಲ್ಲೂ ಆ ಕೊಳ್ಳ ನೆನಪಾಯಿತು.

ನಾವು ಸಣ್ಣವರಿದ್ದಾಗ ಗಾದಿಗನೂರಿನ ಕಡೆ ನಲ್ಲಿ ಎಲ್ಲಿತ್ತು. ಮನೆಯಲ್ಲಿ ಹೆರಿಗೆಯಾದರೆ ಗಂಗಮ್ಮನ ಪೂಜೆಗೆ ಸಂಡೂರು ಗುಡ್ಡದ ಕೊಳ್ಳದ ಒರತೆ ನೀರೇ ಬೇಕೆಂದು ನಮ್ಮ ಅಜ್ಜಿಯ ಹಟ. ತಮ್ಮ ಹುಟ್ಟಿದಾಗ ನನಗೆ ಒಂಬತ್ತು, ತಂಗಿ ನೀಲಿಗೆ ಆರು. ರೊಟ್ಟಿ, ಶೇಂಗಾ ಚಟ್ನಿ, ಉಳ್ಳಾಗಡ್ಡಿ ಗಂಟು ಕಟ್ಟಿಕೊಂಡು ಅಜ್ಜಿಯ ಹಿಂದೆ ಇಬ್ಬರೂ ಹೊರಟೆವು.

ಕೊಳ್ಳದ ಬಾಯಿಯಲ್ಲಿ ಅಜ್ಜಿ ನಿಂತಳು.

"ಇಲ್ಲಿಂದ ಯಾರೂ ಯಾರನ್ನೂ ಹೆಸರು ಹಿಡದು ಕರೀಬ್ಯಾಡ್ರಿ. ಹಿಂದ ಉಳದ್ರ ಇದ್ದಲ್ಲೇ ಕುಂದ್ರಿ. ನಾನು ಬಂದು ಕೈ ಹಿಡೀತೀನಿ."

"ಕರದ್ರ ಏನಾಕ್ಕೈತಬೇ?" ನೀಲಿ ಕೇಳಿದಳು.

"ಕೊಳ್ಳ ಹೆಸರು ಕಲೀತೈತಿ."

"ನಂದು ಸಣ್ಣ ಹೆಸರು, ಜಲ್ದಿ ಕಲೀತೈತಿ ಬಿಡು," ಅಂದು ನೀಲಿ ಕಿಸಕ್ಕನೆ ನಕ್ಕಳು. ಅಜ್ಜಿ ನಗಲಿಲ್ಲ.

ಎರಡೂ ಕಡೆ ಕೆಂಪು ಬಂಡೆ, ಕಾದ ಕಬ್ಬಿಣದ ವಾಸನೆ. ಮಟಮಟ ಮಧ್ಯಾಹ್ನ, ಒಂದು ಹಕ್ಕಿಯ ದನಿ ಇಲ್ಲ. ನಾವು ನಿಂತ ಮೇಲೂ ನಮ್ಮ ಸಪ್ಪಳ ಇನ್ನೆರಡು ಹೆಜ್ಜೆ ನಡೆಯುತ್ತಿತ್ತು.

ಒರತೆ ಇದ್ದದ್ದು ಒಂದು ಕತ್ತಲೆ ಸೀಳಿನೊಳಗೆ. ಅಜ್ಜಿ ತೆಂಗಿನ ಚಿಪ್ಪಿನಿಂದ ಮೊಗೆದು ತಾಮ್ರದ ಕೊಡ ತುಂಬುತ್ತಿದ್ದಳು. ನಾನು ಒಂದು ಬೊಗಸೆ ಕುಡಿದು, ಇನ್ನೊಂದು ಬೊಗಸೆ ತಂಗಿಗೆ ಕೊಡಲು ತಿರುಗಿದೆ. ನೀಲಿ ಇರಲಿಲ್ಲ.

ಹೇಳಿದ್ದೆಲ್ಲ ಮರೆತು ಕೂಗಿಬಿಟ್ಟೆ. "ನೀಲೀ..."

ಎಡದ ಬಂಡೆ ಕೂಗಿತು. ಬಲದ ಬಂಡೆ ಕೂಗಿತು. ಇನ್ನು ಸುಮ್ಮನಾಯಿತು ಅನ್ನುವಾಗ ದೂರದ ತಿರುವಿನಿಂದ, ಮುದ್ದು ಮಾಡಿ ಕರೆದ ಹಾಗೆ ಇನ್ನೊಂದು ಸಲ. ಅಷ್ಟು ಮೆತ್ತಗೆ ನಾನು ಕರೆದಿರಲಿಲ್ಲ.

ಅಜ್ಜಿ ನನ್ನ ಬಾಯಿ ಮುಚ್ಚಿದಳು. ಪೂಜೆಯ ಕೊಡ ನೆಲಕ್ಕೆ ಇಡಬಾರದು ಅನ್ನುತ್ತಿದ್ದವಳು ಅದನ್ನು ಅಲ್ಲೇ ಕುಕ್ಕಿ, ಬಂದ ದಾರಿಯಲ್ಲಿ ಓಡಿದಳು, ನಾನೂ ಹಿಂದೆಯೇ ಓಡಿದೆ. ಒಂದು ಬಂಡೆಯ ಮೇಲೆ ಹರಳಾಟಕ್ಕೆ ಆರಿಸಿಟ್ಟ ಐದು ದುಂಡು ಕಲ್ಲುಗಳಿದ್ದವು, ಆರಿಸಿದವಳು ಇಲ್ಲ. ಪಕ್ಕದ ಇನ್ನೊಂದು ಸೀಳಿನ ತುದಿಯಲ್ಲಿ, ಕೆಳಗೆ ಮೂರಾಳು ಆಳ ಇದ್ದ ಅಂಚಿಗೆ, ನೀಲಿ ನಮಗೆ ಬೆನ್ನು ಮಾಡಿ ನಿಂತಿದ್ದಳು. "ಬಂದೆ, ಬಂದೆ," ಅನ್ನುತ್ತಾ ಒಂದು ಕಾಲು ಎತ್ತಿದ್ದಳು.

ಅಜ್ಜಿ ಕರೆಯಲಿಲ್ಲ. ಸಪ್ಪಳವಿಲ್ಲದೆ ಹಿಂದಿನಿಂದ ಹೋಗಿ ಜಡೆ ಹಿಡಿದು ಎಳೆದಳು.

"ಎಲ್ಲಿ ಹೊಂಟಿದ್ದಿ ಲೇ?"

"ಅಕ್ಕ ಕರದಳು."

"ಒಂದ ಸಲ ಕರದೆ," ಅಂದೆ ನಾನು ಅಳುತ್ತಾ.

"ಸುಳ್ಳು. ಹರಳು ಆರಿಸಾಕ ಕುಂತಾಗಿಂದ ಕರೀತಿದ್ದಿ."

ಅಜ್ಜಿ ಇಬ್ಬರ ಕೈಯನ್ನೂ ಊರು ಮುಟ್ಟುವವರೆಗೆ ಬಿಡಲಿಲ್ಲ. ಕೊಡ ಅಲ್ಲೇ ಉಳಿಯಿತು. ಆ ಸಲ ಬಾವಿ ನೀರಲ್ಲೇ ಪೂಜೆ ಮುಗಿಸಿದಳು.

ಈಗ ಆ ಗುಡ್ಡದ ಅರ್ಧ ಅದಿರಾಗಿ ಲಾರಿಗಳಲ್ಲಿ ಹೋಗಿದೆ. ಹೋದ ವರ್ಷ ನೋಡಿ ಬಂದೆ. ಒರತೆ ಮಣ್ಣಿನಡಿ ಮುಚ್ಚಿಹೋಗಿದೆ. ಹತ್ತಿರ ಯಾರೂ ಇಲ್ಲದ್ದು ನೋಡಿ ತಂಗಿಯ ಹೆಸರು ಕೂಗಿದೆ. ಏನೂ ತಿರುಗಿ ಬರಲಿಲ್ಲ. ಅಂಜಿಕೆ ಹೋಯಿತಲ್ಲ ಅಂತ ಸಮಾಧಾನ ಆಗಬೇಕಿತ್ತು, ಆಗಲಿಲ್ಲ. ಮಗಳ ಗಂಗಮ್ಮನ ಪೂಜೆಗೆ ಇನ್ನು ಬೋರಿನ ನೀರೇ.

ಸಂಜೆ ಮನೆ ತುಂಬಿತು. ನೀಲಿಯೂ ಕಂಪ್ಲಿಯಿಂದ ಬಂದಿದ್ದಳು. ಗೋಧಿ ಹುಗ್ಗಿ ಬಡಿಸಿ, ಅಡುಗೆಮನೆಯಿಂದಲೇ ಕರೆದೆ. "ನೀಲೀ, ಊಟಕ್ಕ ಏಳು."

ತೊಟ್ಟಿಲ ಹತ್ತಿರ ಕೂತವಳು ಅಲುಗಲಿಲ್ಲ. ಕೊಳ್ಳದ ಆ ದಿನದಿಂದ, ಕರೆದವರ ಮುಖ ಕಾಣದೆ ಅವಳು ಯಾವ ದನಿಗೂ ಎದ್ದವಳೇ ಅಲ್ಲ. ಹೋಗಿ ಕೈ ಹಿಡಿದೆ. ನನ್ನ ಮುಖ ನೋಡಿ ಎದ್ದಳು. ಎಲ್ಲರೂ ಒಂದೇ ಸಾಲಿನಲ್ಲಿ ಕೂತು ಉಂಡೆವು.