ನಾನು ಅವನಿಗೆ ಕೊಟ್ಟ ಬಸ್ಸಿನ ಸಮಯ

ಎರಡನೇ ಪಿಯುಸಿಯಲ್ಲಿ ನಾನು ದಿನವೂ ಬಸ್ಸಿನ ಸಮಯ ಬರೆದಿಡುತ್ತಿದ್ದೆ. ಕಾಲೇಜು ಬಿಟ್ಟ ಮೇಲೆ ಕೂಡ್ಲಿಗಿಯಿಂದ ನಮ್ಮೂರಿಗೆ ಇದ್ದದ್ದು ಒಂದೇ ಬಸ್ಸು. ಅದು ಎಷ್ಟು ದಿನ ತಡವಾಯಿತು, ಎಷ್ಟು ದಿನ ಬರಲೇ ಇಲ್ಲ ಎಂದು ಲೆಕ್ಕ ಸಮೇತ ಡಿಪೋಗೆ ಅರ್ಜಿ ಕೊಡಬೇಕೆಂದಿದ್ದೆ. ಜೂನ್‌ನಿಂದ ಒಂದು ದಿನವೂ ತಪ್ಪಿಸಿರಲಿಲ್ಲ.

"ಲೇ, ಕಂಡಕ್ಟರ್‌ಗಿಂತ ನಿನಗ ಚಿಂತಿ ಜಾಸ್ತಿ ಆತು," ಎಂದು ಜೊತೆಗೆ ಬರುತ್ತಿದ್ದ ಗೆಳತಿ ನಗುತ್ತಿದ್ದಳು.

ಅವಳು ಪ್ರೀತಿಸುತ್ತಿದ್ದ ಹುಡುಗ ಬಸ್‌ಸ್ಟ್ಯಾಂಡ್ ಹತ್ತಿರ ಮೊಬೈಲ್ ರಿಪೇರಿ ಅಂಗಡಿಯಲ್ಲಿದ್ದ. ನಮಗಿಂತ ಎರಡು ವರ್ಷ ದೊಡ್ಡವನು. ಆಗಸ್ಟ್‌ನಲ್ಲಿ ಅವನು ನನಗೆ ಮೆಸೇಜು ಕಳಿಸಿದ. ಸಿಸ್ಟರ್ ಎಂದು ಕರೆದು, ಬಸ್ಸು ಎಷ್ಟಕ್ಕೆ ಊರು ಮುಟ್ಟಿತು ಎಂದು ಕೇಳಿದ. ಕಾಳಜಿ ಇರಬೇಕೆಂದುಕೊಂಡು ನಿಮಿಷದ ಸಮೇತ ಹೇಳಿದೆ. ಆಮೇಲೂ ಕೇಳುತ್ತಿದ್ದ, ಹೇಳುತ್ತಿದ್ದೆ. ನನ್ನ ಲೆಕ್ಕಕ್ಕೆ ಒಬ್ಬರಾದರೂ ಬೆಲೆ ಕೊಟ್ಟರು ಎಂಬ ಹಿಗ್ಗೂ ಇತ್ತು.

ಅಕ್ಟೋಬರ್‌ನ ಒಂದು ಸೋಮವಾರ ಐದು ನಲವತ್ತು ಎಂದು ಕಳಿಸಿದೆ. ಮರುದಿನ ಅವಳು ಅಂಗಡಿ ಕಡೆ ಹೋಗಿ ಬಂದು, ಬಸ್ಸಿನ ಕಂಬಿಯನ್ನು ಎಡಗೈಯಲ್ಲಿ ಹಿಡಿದು ನಿಂತಳು. ಬಲಗೈ ಹೆಬ್ಬೆರಳು ಊದಿತ್ತು. ಬಾಗಿಲಿಗೆ ಸಿಕ್ಕಿತು ಎಂದಳು. ಆ ದಿನದ ಸಮಯದ ಪಕ್ಕದಲ್ಲಿ ಅದನ್ನೂ ಹಾಗೆಯೇ ಬರೆದುಕೊಂಡೆ.

ಮೂರು ದಿನ ಬಿಟ್ಟು ಕೇಳಿದಳು. "ಸೋಮವಾರ ಬಸ್ ಎಷ್ಟಕ್ಕ ಮುಟ್ತು ಅಂತ ಅವಗ ಹೇಳಿದಾಕಿ ನೀನಾ?"

"ಹೂಂ. ಕೇಳಿದ, ಹೇಳಿದೆ."

"ಅವ ನಿನ್ನ ಕೇಳಿದ. ನೀ ನನ್ನ ಯಾಕ ಕೇಳಲಿಲ್ಲ?"

ದಿನವೂ ಮನೆ ಮುಟ್ಟಿದ ಕೂಡಲೇ ಅವಳು ಅವನಿಗೆ ಫೋನು ಮಾಡಬೇಕಿತ್ತಂತೆ. ಮುಕ್ಕಾಲು ತಾಸಾದರೂ ತನ್ನ ಪಾಡಿಗೆ ತಾನಿರಲು, ಬಸ್ಸು ಆರೂವರೆಗೆ ಬಂತು ಎಂದು ಸುಳ್ಳು ಹೇಳಿದ್ದಳು. ಅದಕ್ಕೇ ಕೈ ತಿರುವಿದ್ದ. ಅದು ಮೂರನೆಯ ಸಲ. ಅವಳ ಫೋನಿನ ಪಾಸ್‌ವರ್ಡು ಕೂಡ ಅವನೇ ಇಟ್ಟದ್ದು. ಪ್ರೀತಿ ಜಾಸ್ತಿ, ಅದಕ್ಕೇ ಸಿಟ್ಟು ಎಂದು ಅವಳು ನಂಬಿದ್ದಳು. ನಾನೂ ನಂಬಿದ್ದೆ.

ಮನೆಗೆ ಬಂದು ಎಣಿಸಿದೆ. ಇಪ್ಪತ್ಮೂರು ಸಲ ಕೇಳಿದ್ದ. ಒಮ್ಮೆಯೂ ಅವಳು ಹೇಗಿದ್ದಾಳೆ ಎಂದು ಕೇಳಿರಲಿಲ್ಲ. ಅಷ್ಟೂ ಸಲ ಉತ್ತರ ಕೊಟ್ಟ ನನಗೆ ಅದು ಕಂಡಿರಲಿಲ್ಲ.

ತಪ್ಪು ತೊಳೆದುಕೊಳ್ಳುವ ಅವಸರದಲ್ಲಿ ಅಂದೇ ಅವಳ ತಾಯಿಗೆ ಹೇಳಲು ಹೊರಟೆ. ಅವರ ಬಾಗಿಲ ತನಕ ಹೋದವಳು ನಿಂತೆ. ಈ ಸಲವೂ ಅವಳನ್ನು ಕೇಳಿರಲಿಲ್ಲ. ಹೊರಗೆ ಕರೆದು ಕೇಳಿದಾಗ ಅವಳು ಬೇಡವೇ ಬೇಡ ಎಂದಳು. ಅಪ್ಪನಿಗೆ ಗೊತ್ತಾದರೆ ಕಾಲೇಜು ಬಿಡಿಸಿ ಮದುವೆ ಮಾಡುತ್ತಾರೆ ಎಂದಳು. ಯಾರಿಗೆ ಹೇಳೋಣ ಎಂದು ಕೇಳಿದೆ. ಒಂದು ವಾರ ಯೋಚಿಸಿ ಬಯಾಲಜಿ ಮೇಡಂ ಹೆಸರು ಹೇಳಿದಳು.

ಮೇಡಂ ಅವಳ ಮಾತು ಮುಗಿಯುವವರೆಗೆ ನಡುವೆ ಬಾಯಿ ಹಾಕಲಿಲ್ಲ. ಆ ಅಂಗಡಿಗೆ ಯಾಕೆ ಹೋದೆ ಎಂದೂ ಕೇಳಲಿಲ್ಲ. ಮಕ್ಕಳ ಸಹಾಯವಾಣಿಯವರನ್ನು ಕರೆಸಿದರು. ಅವರು ಹುಡುಗನನ್ನೂ ಅಂಗಡಿ ಮಾಲೀಕರನ್ನೂ ಕೂರಿಸಿ ಮಾತಾಡಿದರು; ಆಮೇಲೆ ಅವನು ಅವಳ ತಂಟೆಗೆ ಬರಲಿಲ್ಲ. ಅವಳ ತಾಯಿಯನ್ನು ಒಪ್ಪಿಸಲು ಮೇಡಂ ಎರಡು ಸಲ ಮನೆಗೆ ಹೋಗಬೇಕಾಯಿತು. ತಾಯಿ ಬೈದರು, ಅತ್ತರು, ಕೊನೆಗೆ ಅಪ್ಪನಿಗೆ ತಾನೇ ತಿಳಿಸಿ ಹೇಳುತ್ತೇನೆ, ಕಾಲೇಜು ಬಿಡಿಸುವುದಿಲ್ಲ ಎಂದರು. ಅವಳು ಪರೀಕ್ಷೆ ಬರೆದಳು. ಹೆಬ್ಬೆರಳು ಮಾತ್ರ ಪೂರ್ತಿ ಮಡಚುತ್ತಿರಲಿಲ್ಲ. ಪ್ರತಿ ಪೇಪರಿನಲ್ಲೂ ನಾನು ಅವಳ ಕೈ ನೋಡುತ್ತಿದ್ದೆ.

ಈಗ ಇಬ್ಬರೂ ಡಿಗ್ರಿಯಲ್ಲಿದ್ದೇವೆ. ಇದನ್ನು ಬರೆಯಲೇ ಎಂದು ಅವಳನ್ನೇ ಕೇಳಿದೆ.

ಮೂರನೇ ದಿನ ಅಂದಳು, "ಬರಿ. ಆದ್ರ ನೀ ಮಾಡಿದ್ದನ್ನ ಸಣ್ಣದು ಮಾಡಿ ಬರೀಬ್ಯಾಡ."